ಥೈರಾಯ್ಡ್ ಗಂಟು ಮತ್ತು ಟಿಎಸ್‌ಎಚ್

ಧ್ವನಿಪೆಟ್ಟಿಗೆಯ ತುಸು ಕೆಳಗೆ ಚಿಟ್ಟೆಯಂತೆ ರೆಕ್ಕೆ ಚಾಚಿರುವ ಥೈರಾಯ್ಡ್ ಗ್ರಂಥಿಯ ಒಂದು ಭಾಗ ಮಾತ್ರ ಬೆಳೆದು ಗಡ್ಡೆಗಟ್ಟಿದರೆ ಅದು ಥೈರಾಯ್ಡ್ ಗಂಟು. ಗ್ರಂಥಿಯೇ ಊದಿಕೊಂಡರೆ ಗಳಗಂಡ. ನುಂಗುವಾಗ ಗಂಟು ಮೇಲೇರಿ ಇಳಿಯುತ್ತದೆ. ವೈದ್ಯರು ಒಂದು ಗುಟುಕು ನೀರು ಕುಡಿಸಿ ಕತ್ತನ್ನು ಗಮನಿಸುವುದು ಇದಕ್ಕೇ. ಕೈಗೆ ಸಿಗುವ ಗಂಟು ವಯಸ್ಕರಲ್ಲಿ ಶೇ. 4–7ರಷ್ಟು ಮಂದಿಗಿರುತ್ತದೆ, ಹೆಂಗಸರಲ್ಲಿ ಹೆಚ್ಚು. ಬಹುಪಾಲು ನಿರುಪದ್ರವಿ.

ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೆ ಇಂಥ ಗಂಟಿನೊಂದಿಗೆ ಕರಾವಳಿಯವರಲ್ಲದೆ ಘಟ್ಟದ ಮೇಲಿನವರೂ ಬರುತ್ತಾರೆ. ಮಳೆ ತೊಳೆದ ಘಟ್ಟದ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಹಾಗಾಗಿ ಕೊಡಗು, ಚಿಕ್ಕಮಗಳೂರು ಕಡೆ ಗಳಗಂಡ ಹಳೆಯ ಸಮಸ್ಯೆ. ಗಳಗಂಡ ನಿಯಂತ್ರಣಕ್ಕೆ ದೇಶದಲ್ಲಿ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ಮೀನು ತಿನ್ನುವವರಿಗೆ ಗಳಗಂಡ ಬಾರದು ಎಂಬ ನಂಬಿಕೆಯನ್ನು ಪೂರ್ತಿ ನೆಚ್ಚುವಂತಿಲ್ಲ.

ಗ್ರಂಥಿಯನ್ನು ದುಡಿಸುವ ಯಜಮಾನ ಟಿಎಸ್‌ಎಚ್, ಮೆದುಳಿನ ಬುಡದ ಪಿಟ್ಯುಟರಿಯಿಂದ ಬರುವ ಹಾರ್ಮೋನು. ಥೈರಾಯ್ಡ್ ಕೋಶಗಳನ್ನು ಬೆಳೆಯಲು ಪ್ರಚೋದಿಸುವುದೂ ಇದೇ. ಹಾಗಾಗಿ ಇದರ ಮಟ್ಟಕ್ಕೂ ಕ್ಯಾನ್ಸರಿಗೂ ನಂಟಿದೆಯೇ ಎಂಬ ಪ್ರಶ್ನೆ ಎದ್ದಿತು. 2006ರಲ್ಲಿ ಪ್ರಕಟವಾದ, ಬರ್ಮಿಂಗ್‌ಹ್ಯಾಮಿನ 1500 ರೋಗಿಗಳ ಅಧ್ಯಯನದಲ್ಲಿ ಟಿಎಸ್‌ಎಚ್ ಲೀಟರಿಗೆ 0.4 ಮಿಲಿಯೂನಿಟ್‌ಗಿಂತ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಶೇ. 3ರ ಒಳಗಿತ್ತು, 5.5 ದಾಟಿದವರಲ್ಲಿ ಸುಮಾರು ಶೇ. 30. ಮಾಮೂಲಿ ಮಿತಿಯೊಳಗೂ ಮಟ್ಟ ಏರಿದಂತೆ ಅಪಾಯ ಏರುತ್ತಿತ್ತು.

ಈ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಟಿಎಸ್‌ಎಚ್ ಜಾಸ್ತಿ ಇರುವ ಹೆಚ್ಚಿನವರಿಗೆ ಇರುವುದು ಬರೀ ಹೈಪೋಥೈರಾಯ್ಡ್, ಅಂದರೆ ಗ್ರಂಥಿಯ ಕೆಲಸ ಕುಂದಿರುವುದು. ಹಾಗೆಯೇ ‘ರಿಪೋರ್ಟ್ ನಾರ್ಮಲ್’ ಎಂದು ಗಂಟನ್ನು ಮರೆಯುವುದೂ ತಪ್ಪು: ಥೈರಾಯ್ಡ್ ಕ್ಯಾನ್ಸರ್ ಇರುವ ಬಹುತೇಕರ ಟಿಎಸ್‌ಎಚ್ ಮಾಮೂಲಾಗಿಯೇ ಇರುತ್ತದೆ. ಈ ರಕ್ತಪರೀಕ್ಷೆ ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಮಟ್ಟ ತೀರಾ ತಗ್ಗಿದ್ದರೆ ಐಸೋಟೋಪ್ ಸ್ಕ್ಯಾನ್. ಅದರಲ್ಲಿ ‘ಬಿಸಿ’ಯಾಗಿ, ಅಂದರೆ ಐಸೋಟೋಪನ್ನು ಹೆಚ್ಚು ಹೀರಿಕೊಂಡಂತೆ ಕಾಣುವ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ. ಉಳಿದವರಿಗೆ ಅಲ್ಟ್ರಾಸೌಂಡ್, ಅನುಮಾನವಿದ್ದರೆ ಎಫ್‌ಎನ್‌ಎಸಿ ಎಂಬ ಸೂಜಿ ಪರೀಕ್ಷೆ. ರಕ್ತ ತೆಗೆಯುವ ಸೂಜಿಗಿಂತ ದಪ್ಪವಲ್ಲದ ಸೂಜಿಯಿಂದ ಹೀರಿದ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಬೆಥೆಸ್ಡಾ ಪದ್ಧತಿಯ ಆರು ವರ್ಗಗಳಲ್ಲೊಂದಕ್ಕೆ ಸೇರಿಸುತ್ತಾರೆ. ಧ್ವನಿ ಗೊಗ್ಗರಾದರೆ ಅಥವಾ ಗಂಟು ಬೇಗಬೇಗ ಬೆಳೆದರೆ ಟಿಎಸ್‌ಎಚ್ ಎಷ್ಟೇ ಇರಲಿ, ತಡಮಾಡಬಾರದು.

ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪ್ಯಾಪಿಲರಿ ಬಗೆಯವು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥವು. ಟಿಎಸ್‌ಎಚ್‌ನ ವಿಚಿತ್ರ ಪಾತ್ರ ಕಾಣುವುದು ಶಸ್ತ್ರಚಿಕಿತ್ಸೆಯ ನಂತರ. ವಿಕಿರಣ ಅಯೋಡಿನ್ ಕೊಡಬೇಕಾದವರಲ್ಲಿ ಥೈರಾಯ್ಡ್ ಮಾತ್ರೆ ನಿಲ್ಲಿಸಿಯೋ ಚುಚ್ಚುಮದ್ದು ಕೊಟ್ಟೋ ಅದೇ ಟಿಎಸ್‌ಎಚ್ಚನ್ನು ಬೇಕೆಂದೇ 30ರ ಮೇಲಕ್ಕೆ ಏರಿಸುತ್ತಾರೆ, ಉಳಿದ ಕೋಶಗಳು ಅಯೋಡಿನ್ ಹೀರಿಕೊಳ್ಳಲಿ ಎಂದು. ಆಮೇಲೆ ಮರುಕಳಿಸುವ ಅಪಾಯ ಹೆಚ್ಚಿರುವವರಲ್ಲಿ ಥೈರಾಕ್ಸಿನ್ ಮಾತ್ರೆಯಿಂದ ಅದನ್ನು ವರ್ಷಗಟ್ಟಲೆ ಅದುಮಿಡುತ್ತಾರೆ. ಅಯೋಡಿನ್ ಕೊಡುವ ಮುನ್ನ ಒಂದೆರಡು ವಾರ ಅಯೋಡಿನ್ ಉಪ್ಪು, ಸಮುದ್ರದ ಮೀನು ವರ್ಜ್ಯ. ಬಂಗುಡೆಯೂ, ಸಿಗಡಿಯೂ ಇಲ್ಲ.