ಹೊಗೆಯ ವಾರಸುದಾರರು

ಲಾಭಕ್ಕೆ ವಾರಸುದಾರರು ಬಹಳ. ಹೊಗೆಗೆ ಮಾತ್ರ ಯಾರೂ ಇಲ್ಲ. ಕಲ್ಲಿದ್ದಲು, ತೈಲ, ಅನಿಲಗಳನ್ನು ನೆಲದಿಂದ ತೆಗೆದು ಮಾರುವವರೇ ಅವುಗಳಿಂದ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ನೆಲಕ್ಕೆ ಸೇರಿಸಬೇಕು ಎಂಬ ಮಾತು ಇತ್ತೀಚೆಗೆ ಕೇಳಿಬರುತ್ತಿದೆ. ಇದು ಆಗಿಹೋಗುವ ಮಾತಲ್ಲ ಎನ್ನುವವರು ಚರಿತ್ರೆಯ ಒಂದು ಪುಟವನ್ನು ಓದಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಬೂನು, ಗಾಜುಗಳಿಗೆ ಬೇಕಾದ ಸೋಡಾವನ್ನು ಉಪ್ಪಿನಿಂದ ತಯಾರಿಸುತ್ತಿದ್ದರು. ಆಗ ಹೊರಬೀಳುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಸೇಂಟ್ ಹೆಲೆನ್ಸ್, ವಿಡ್ನೆಸ್ ಸುತ್ತಲಿನ ಗಿಡಮರ, ಪೈರುಗಳನ್ನು ಸುಟ್ಟಿತು. ಮಾಲೀಕರು ಚಿಮಣಿಗಳನ್ನು ಎತ್ತರಿಸಿದರು. ವಿಷ ಇನ್ನೂ ದೂರದ ಹೊಲಗಳಿಗೆ ಹೋಗಿ ಬಿತ್ತು. ಆವಿಯನ್ನು ನೀರಿನಲ್ಲಿ ಹಿಡಿಯುವ ಗೋಪುರವನ್ನು ವಿಲಿಯಂ ಗೋಸೇಜ್ 1836ರಲ್ಲೇ ರೂಪಿಸಿದ್ದರು. ಉಪಾಯವಿತ್ತು, ಎಲ್ಲರಿಗೂ ಮನಸ್ಸಿರಲಿಲ್ಲ. ಕೊನೆಗೆ 1863ರ ಆಲ್ಕಲಿ ಕಾಯ್ದೆ ಆವಿಯ ಶೇ. 95ರಷ್ಟನ್ನು ಹಿಡಿಯಲೇಬೇಕೆಂದು ಕಾರ್ಖಾನೆಗಳಿಗೆ ವಿಧಿಸಿತು. ರಾಬರ್ಟ್ ಆಂಗಸ್ ಸ್ಮಿತ್ ಮೊದಲ ಇನ್‌ಸ್ಪೆಕ್ಟರರಾದರು. ಹಿಡಿದ ಆಮ್ಲವನ್ನು ಹಳ್ಳಕ್ಕೆ ಸುರಿದವರೂ ಉಂಟು. ಆದರೆ ಉದ್ದಿಮೆ ಮುಳುಗಲಿಲ್ಲ. ಅದೇ ಆಮ್ಲದಿಂದ ಬ್ಲೀಚಿಂಗ್ ಪುಡಿ ಮಾಡಿ ಮಾರಿದರು.

ಇಂಗಾಲದ ವಿಷಯದಲ್ಲಿ ಇಂಥ ಹೆಜ್ಜೆ ಇಟ್ಟದ್ದು ನಾರ್ವೆ. ಸಮುದ್ರದಲ್ಲಿ ತೈಲ, ಅನಿಲ ತೆಗೆಯುವಾಗ ಗಾಳಿಗೆ ಬಿಡುವ ಇಂಗಾಲದ ಮೇಲೆ ಅದು 1991ರಲ್ಲಿ ತೆರಿಗೆ ಹಾಕಿತು. ಉತ್ತರ ಸಮುದ್ರದ ಸ್ಲೈಪ್ನರ್ ಪಶ್ಚಿಮ ಕ್ಷೇತ್ರದ ಅನಿಲದಲ್ಲಿ ಸುಮಾರು ಶೇ. 9ರಷ್ಟು ಇಂಗಾಲದ ಡೈಆಕ್ಸೈಡ್ ಇತ್ತು. ಅದನ್ನು ಬೇರ್ಪಡಿಸದೆ ಅನಿಲ ಮಾರುವಂತಿಲ್ಲ. ಗಾಳಿಗೆ ಬಿಟ್ಟರೆ ತೆರಿಗೆ. ಆದ್ದರಿಂದ 1996ರಿಂದ ಅದನ್ನು ಸಮುದ್ರತಳದ ಕೆಳಗಿನ ಮರಳುಗಲ್ಲಿನ ಪದರಕ್ಕೆ ತುಂಬತೊಡಗಿದರು. ಆರಂಭದ ವರ್ಷಗಳಲ್ಲಿ ಇದು ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನಷ್ಟಿತ್ತು.

ಆದರೆ ನಾವು ಇಲ್ಲಿ ಮೈಮರೆಯಬಾರದು. ಹೀಗೆ ಹೂತಿಟ್ಟದ್ದು ಬಾವಿಯಲ್ಲೇ ಬೆರೆತು ಬಂದ ಇಂಗಾಲ ಮಾತ್ರ. ಮಾರಿದ ಅನಿಲ ಯುರೋಪಿನ ಮನೆಗಳಲ್ಲಿ ಉರಿದಾಗ ಹುಟ್ಟಿದ್ದು ಆಕಾಶಕ್ಕೇ ಹೋಯಿತು. ದೊಡ್ಡ ಸಾಲ ಅದೇ.

2024ರಲ್ಲಿ ಯುರೋಪಿಯನ್ ಒಕ್ಕೂಟ ಕಾಯ್ದೆಯೊಂದನ್ನು ತಂದಿತು. 2030ರ ಹೊತ್ತಿಗೆ ವರ್ಷಕ್ಕೆ ಐದು ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ನೆಲದೊಳಗೆ ತುಂಬುವ ವ್ಯವಸ್ಥೆಗೆ ತೈಲ, ಅನಿಲ ಉತ್ಪಾದಕರು ತಮ್ಮ ಉತ್ಪಾದನೆಯ ಪ್ರಮಾಣಕ್ಕೆ ತಕ್ಕ ಪಾಲು ಕೊಡಬೇಕು. ಉಗ್ರಾಣ ಕಟ್ಟುವುದು ಬೇರೆ, ಅದನ್ನು ತುಂಬಿಸುವುದು ಬೇರೆ. ಆದರೂ ಮಾರುವವನ ಹೆಸರಿಗೆ ಲೆಕ್ಕ ಬರೆಯುವ ಕೆಲಸ ಶುರುವಾಗಿದೆ.

ಆಮ್ಲಕ್ಕೆ ಪೇಟೆ ಸಿಕ್ಕಿತು. ಹೂತಿಟ್ಟ ಇಂಗಾಲಕ್ಕೆ ಗಿರಾಕಿಯಿಲ್ಲ. ಅದು ಬರೀ ಖರ್ಚು. ಆ ಖರ್ಚು ಮಾಲೀಕನ ಲಾಭದಿಂದ ಬರುತ್ತದೆಯೋ, ಬಡವನ ಒಲೆಯಿಂದಲೋ? ಕಾಯ್ದೆ ಬರೆಯುವವರನ್ನು ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು.