2 ಒತ್ತಿ ಹಿಡಿದರೆ ಮಗ: ಸ್ಪೀಡ್ ಡಯಲ್ ಕಥೆ | ಮನೆ ಸಾಮಾನಿನ ಚರಿತ್ರೆ, ಭಾಗ 6

ನಿಮ್ಮ ನಂಬರ್ ಬಿಟ್ಟು ಇನ್ನೆಷ್ಟು ಫೋನ್ ನಂಬರ್ ನಿಮಗೆ ಬಾಯಿಪಾಠ ಇವೆ? ಎಣಿಸಿ ನೋಡಿ. ಎರಡು, ಮೂರು ದಾಟಲ್ಲ ಅಲ್ವಾ? ಇದಕ್ಕೆಲ್ಲ ಮೊಬೈಲೇ ಕಾರಣ ಅಂತ ಬೈಯೋದು ರೂಢಿ. ಆದರೆ ನಂಬರು ನಮ್ಮ ತಲೆಯಿಂದ ಮೆಷಿನ್ನಿಗೆ ಹೋಗೋಕೆ ಶುರುವಾಗಿದ್ದು ಅದಕ್ಕಿಂತ ಎಷ್ಟೋ ಮೊದಲು.

ಟೆಲಿಫೋನ್ ಬಂದ ಹೊಸದರಲ್ಲಿ ಡಯಲ್ಲೇ ಇರಲಿಲ್ಲ. ಯಾರು ಬೇಕು ಅಂತ ಆಪರೇಟರ್‌ಗೆ ಹೇಳಿದರೆ ಅವರೇ ಜೋಡಿಸುತ್ತಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅಂತ್ಯಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್, ಆಪರೇಟರ್ ಬೇಡದ ಎಕ್ಸ್‌ಚೇಂಜ್‌ಗೆ 1891ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಅಂಥ ಎಕ್ಸ್‌ಚೇಂಜ್ ಶುರುವಾಯ್ತು. ಅಲ್ಲಿಂದ ನಂಬರ್ ನೆನಪಿಡೋದು ಫೋನ್ ಮಾಡುವವರ ಕೆಲಸವಾಯ್ತು.

ಆ ಹೊರೆ ಇಳಿಸೋ ಪ್ರಯತ್ನ 1960ರ ದಶಕದಲ್ಲಿ ನಡೆಯಿತು. ಬೆಲ್ ಕಂಪನಿ ಒಂದು ಫೋನ್ ತಂದಿತು: ಒಬ್ಬೊಬ್ಬರಿಗೆ ಒಂದೊಂದು ತೂತು ಹಾಕಿದ ಪ್ಲಾಸ್ಟಿಕ್ ಕಾರ್ಡು, ಅದನ್ನ ತೂರಿಸಿದರೆ ಫೋನೇ ಡಯಲ್ ಮಾಡೋದು. 1965ರಲ್ಲಿ ನ್ಯೂಜೆರ್ಸಿಯ ಸಕಸನ್ನಾದಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ, ಪೂರ್ತಿ ನಂಬರ್ ಬದಲು ಚಿಕ್ಕ ಕೋಡ್ ಒತ್ತುವ ಸೌಲಭ್ಯ ಸಿಕ್ಕಿತು. ಗಮನಿಸಿ, ಇಲ್ಲಿ ನೆನಪಿದ್ದದ್ದು ಮನೆಯ ಫೋನಿಗಲ್ಲ, ಎಕ್ಸ್‌ಚೇಂಜಿಗೆ. ಒಹಾಯೊದ ಹ್ಯಾಮ್ ರೇಡಿಯೊ ಹವ್ಯಾಸಿ ಜಾರ್ಜ್ ಸ್ವೀಗರ್ಟ್‌ಗೆ ಕಾರ್ಡ್‌ಲೆಸ್ ಫೋನಿನ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಮುಂದೆ ಮೆಮೊರಿ ಚಿಪ್ ಅಗ್ಗವಾದಂತೆ ನಂಬರುಗಳು ಕೈಯಲ್ಲಿ ಹಿಡಿಯೋ ಫೋನಿಗೇ ಬಂದು ಕೂತವು.

ನಮ್ಮ ಕಡೆ? 1948ರಲ್ಲಿ ಬೆಂಗಳೂರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ತಿರುಗಿಸೋ ಡಯಲ್ ಫೋನಿಗೆ ನೆನಪೇ ಇರಲಿಲ್ಲ. ನೆನಪು ಅಂದರೆ ಪಕ್ಕದಲ್ಲಿದ್ದ ಟೆಲಿಫೋನ್ ಡೈರಿ, ಕ್ಯಾಲೆಂಡರಿನ ಅಂಚು, ಇಲ್ಲಾಂದ್ರೆ ಗೋಡೆ.

ಕಾರ್ಡ್‌ಲೆಸ್ ಬಂದ ಮನೆಗಳಲ್ಲಿ ಹೊಸದೊಂದು ನಡೀತು. ನಂಬರ್ ಒತ್ತಿ, ಸೇವ್ ಮಾಡಿ, ಒಂದು ಕೀ ಕೊಡಬೇಕು. ಇರೋದೇ ಹತ್ತು ಕೀ. ಅಂದ್ರೆ ಹತ್ತೇ ಸೀಟು! ಬೆಂಗಳೂರಿನ ಮಗನಿಗೆ 2, ಕೊಟ್ಟ ಮನೆಯ ಮಗಳಿಗೆ 3, ಡಾಕ್ಟರಿಗೆ 4, ಗ್ಯಾಸ್ ಏಜೆನ್ಸಿಗೆ 5. ಮನೆಗೆ ಯಾರು ಮುಖ್ಯ ಅನ್ನೋದರ ಪಟ್ಟಿ ಅದು. ಓದು ಬರಹ ಬಾರದ ಅಜ್ಜಿಯೂ ಯಾರನ್ನೂ ಕೇಳದೆ ಮಗನ ಜೊತೆ ಮಾತಾಡಬಹುದಿತ್ತು. ಮಧ್ಯದ 5ರ ಮೇಲಿನ ಚಿಕ್ಕ ಉಬ್ಬು ಬೆರಳಿಗೆ ಸಿಕ್ಕರೆ ಸಾಕು, ಉಳಿದ ಕೀ ಎಲ್ಲಿ ಅಂತ ಗೊತ್ತಾಗುತ್ತೆ. ಇದು ಸಣ್ಣ ಸ್ವಾತಂತ್ರ್ಯ ಅಲ್ಲ.

ಆದರೆ ಮೆಷಿನ್ನಿನ ನೆನಪಿಗೆ ಎರಡು ತೊಂದರೆ. ಒಂದು, ಕರೆಂಟು. ವೈರಿನ ಹಳೇ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಲೈನಲ್ಲೇ ಬರುತ್ತೆ. ಕಾರ್ಡ್‌ಲೆಸ್‌ನ ಬೇಸ್‌ಗೆ ಮನೆಯ ಕರೆಂಟೇ ಬೇಕು. ಕರೆಂಟು ಹೋದರೆ ಆ ಹತ್ತೂ ಸೀಟು ಇದ್ದೂ ಇಲ್ಲದಂತೆ. ಇನ್ನೊಂದು, ನಂಬರೇ ಬದಲಾಗೋದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ 0 ಕಡ್ಡಾಯವಾಯ್ತು. ಸೇವ್ ಆದ ನಂಬರಿಗೆ ಇದು ಹೇಗೆ ಗೊತ್ತಾಗಬೇಕು? ಯಾರಾದರೂ ಕೂತು ಸರಿಮಾಡದಿದ್ದರೆ 2 ಎಷ್ಟು ಹೊತ್ತು ಒತ್ತಿ ಹಿಡಿದರೂ ಮಗ ಸಿಗಲ್ಲ. ನಂಬರ್ ಬಾಯಿಪಾಠ ಇದ್ದವರು ಒಂದು ಸೊನ್ನೆ ಸೇರಿಸಿ ಮಾತಾಡಿದರು. ಅಜ್ಜಿಗೆ ಗೊತ್ತಿದ್ದದ್ದು ಕೀ ಮಾತ್ರ.

ನಾವೂ ಈಗ ಅಜ್ಜಿಯ ಥರಾನೇ. ನಮಗೆ ಹೆಸರು ಗೊತ್ತು, ನಂಬರ್ ಗೊತ್ತಿಲ್ಲ. ಫೋನ್ ಕಳೆದು, ಬಸ್‌ಸ್ಟ್ಯಾಂಡಲ್ಲಿ ಯಾರದೋ ಮೊಬೈಲ್ ಈಸ್ಕೊಂಡರೆ ಯಾವ ನಂಬರ್ ಒತ್ತುತ್ತೀರಿ? ಇವತ್ತೇ ಒಂದು ನಂಬರ್ ಬಾಯಿಪಾಠ ಮಾಡಿ. ನಿಮ್ಮನೆ ಕಾರ್ಡ್‌ಲೆಸ್‌ನಲ್ಲಿ 2ನೇ ಕೀ ಯಾರದಾಗಿತ್ತು? ಕಾಮೆಂಟಲ್ಲಿ ಹೇಳಿ 👇

#ಮನೆಸಾಮಾನಿನಚರಿತ್ರೆ #ಲ್ಯಾಂಡ್‌ಲೈನ್ #ಕನ್ನಡ