ಪಟ್ಟಣವಾಗಿ ಹುಟ್ಟಿ ಹಳ್ಳಿಯಾದ ಗಂಜಾಂ

ಕೆಸರೆ ಒಂದು ಕಾಲಕ್ಕೆ ಮೈಸೂರಿನ ಹೊರಗಿನ ಹಳ್ಳಿ. ಮೈಸೂರು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಈಗ ಒಂದನೇ ಹಂತ, ಎರಡನೇ ಹಂತ, ಮೂರನೇ ಹಂತ ಎಂಬ ಬಡಾವಣೆಗಳ ಲೆಕ್ಕದಲ್ಲಿ ಆ ಹೆಸರು ಉಳಿದಿದೆ. ನಗರದ ಉತ್ತರ ಭಾಗದ ನೀರು ಕೆಸರೆ ಕಣಿವೆಗೆ ಇಳಿದು ಕಾವೇರಿಯ ಕಡೆಗೆ ಹರಿಯುತ್ತದೆ. ನಾವೂ ಕಾವೇರಿಯ ಕಡೆಗೇ ಹೊರಟರೆ, ಶ್ರೀರಂಗಪಟ್ಟಣದ ದ್ವೀಪದ ಮೂಡಣ ಭಾಗದಲ್ಲಿ ಕೆಸರೆಗೆ ತಿರುವುಮುರುವಾದ ಚರಿತ್ರೆಯ ಊರೊಂದು ಸಿಗುತ್ತದೆ. ಗಂಜಾಂ ಪಟ್ಟಣವಾಗಿಯೇ ಹುಟ್ಟಿದ್ದು, ಹಳ್ಳಿಯಾದದ್ದು ಆಮೇಲೆ.

ಪ್ರವಾಸಕ್ಕೆ ಬಂದವರು ಗಂಜಾಂ ನೋಡಿದೆವು ಎನ್ನುವುದಿಲ್ಲ. ದರಿಯಾ ದೌಲತ್ ನೋಡಿದೆವು, ಗುಂಬಜ್ ನೋಡಿದೆವು, ನಿಮಿಷಾಂಬೆಗೆ ಕೈಮುಗಿದೆವು, ಸಂಗಮದಲ್ಲಿ ಮಿಂದೆವು ಎನ್ನುತ್ತಾರೆ. ಇವೆಲ್ಲ ಇರುವುದು ಗಂಜಾಂನ ಒಳಗೆ ಇಲ್ಲವೇ ಅದರ ಸುತ್ತಮುತ್ತ. ನಡುವೆ ಇರುವ ಊರು ಮಾತ್ರ ಬಸ್ಸಿನ ಕಿಟಕಿಯಾಚೆ ಸರಿದುಹೋಗುತ್ತದೆ. ಇದು ನನಗೆ ಸಂಕಟದ ವಿಷಯ, ಏಕೆಂದರೆ ಆ ಕಟ್ಟಡಗಳಿಗಿಂತ ದೊಡ್ಡ ಕಥೆ ಇರುವುದು ಊರಿನದೇ.

ಟಿಪ್ಪು ಸುಲ್ತಾನ ಕೋಟೆಯ ಹೊರಗೆ ಹೊಸ ಪೇಟೆ ಕಟ್ಟಿಸಿ ಅದಕ್ಕೆ ಶಹರ್ ಗಂಜಾಂ ಎಂದು ಹೆಸರಿಟ್ಟ. ಪೇಟೆ ಕಟ್ಟಿದರೆ ಸಾಲದು, ಜನ ಬೇಕಲ್ಲ? ಅದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತರಲಾಯಿತು ಎಂದು ಹಳೆಯ ಮೈಸೂರು ಗೆಜೆಟಿಯರ್ ಬರೆದಿದೆ. ಶಿರಾ ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಮೊಗಲರ ಕಾಲದಲ್ಲಿ ಮೆರೆದ ಊರು. ಮಳೆ ಕಡಿಮೆಯ ಬಯಲುಸೀಮೆಯಿಂದ ಎದ್ದು ಬಂದವರು ಸುತ್ತಲೂ ಹೊಳೆ ಇರುವ ನೆಲದಲ್ಲಿ ಒಲೆ ಹೂಡಬೇಕಾಯಿತು. ರಾಜಧಾನಿಯ ವೈಭವವನ್ನು ಹೇಳುವಾಗ ಈ ನಡಿಗೆಯನ್ನೂ ಹೇಳಬೇಕು.

ಹೊಸ ಪೇಟೆಗೆ ನೆಮ್ಮದಿಯಾಗಿ ನೆಲೆಯೂರುವ ಕಾಲ ಬರಲೇ ಇಲ್ಲ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಹೊಳೆ ದಾಟಿ ದ್ವೀಪಕ್ಕೆ ನುಗ್ಗಿತು. ಪೇಟೆ ಇಂಗ್ಲಿಷರ ವಶವಾಯಿತು. ಪಕ್ಕದ ಲಾಲ್‌ಬಾಗ್ ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು; ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಂತೆಗಳಿಗಾಗಿ ತೋಟದ ಮರಗಳನ್ನು ಕಡಿದರು. ಏಳು ವರ್ಷದ ನಂತರ, 1799ರ ಮೇ 4ರಂದು ಕೋಟೆ ಬಿತ್ತು. ಮರುದಿನ ಟಿಪ್ಪುವಿನ ಶವವನ್ನು ಇದೇ ದಾರಿಯಲ್ಲಿ ಲಾಲ್‌ಬಾಗಿನ ಗುಂಬಜಿಗೆ ತಂದು ತಂದೆ ಹೈದರಾಲಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಆ ಸಂಜೆ ಭಾರಿ ಗುಡುಗು ಮಳೆ ಬಂದದ್ದನ್ನು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಲಾಲ್‌ಬಾಗಿನ ಅರಮನೆ ಈಗ ಇಲ್ಲ. ಅದನ್ನು ಕೆಡವಿದ ಮೇಲೆ ಅದರ ತೊಲೆಗಳನ್ನು ಬೆಟ್ಟ ಹತ್ತಿಸಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು.

1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಾದರೂ ಇದ್ದಿರಬೇಕೆಂದು ಅಂದಾಜು ಮಾಡಿದ. ಆಗ ಉಳಿದಿದ್ದವರು ಸುಮಾರು 32,000. ಆಸ್ಥಾನ ಹೋಯಿತು, ಸೇನೆ ಹೋಯಿತು, ಅವುಗಳನ್ನು ನಂಬಿದ ಕಸುಬುಗಳೂ ಹೋದವು. ಮೇಲೆ ಚಳಿಜ್ವರ. ಅದರ ಕಾಟ ತಡೆಯಲಾರದೆ ಇಂಗ್ಲಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡಿನ ಪ್ರದೇಶ ಹುಟ್ಟಿದ್ದರ ಹಿಂದೆ ಈ ದ್ವೀಪದ ಜ್ವರವೂ ಇದೆ.

ದಂಡು ಹೋದರೂ ದ್ವೀಪ ಇಂಗ್ಲಿಷರದೇ ಆಗಿ ಉಳಿಯಿತು. ಮೈಸೂರು ಸಂಸ್ಥಾನ ತನ್ನ ಹಳೆಯ ರಾಜಧಾನಿಗೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕಟ್ಟುತ್ತಿತ್ತು. 1881ರಲ್ಲಿ ಬೆಂಗಳೂರಿನ ದಂಡು ಪ್ರದೇಶವನ್ನು ಬಿಟ್ಟುಕೊಟ್ಟು ಮೈಸೂರು ಇದನ್ನು ಮರಳಿ ಪಡೆಯಿತು. ಶ್ರೀರಂಗನಾಥ ತನ್ನದೇ ಊರಿನಲ್ಲಿ ಎಂಬತ್ತೆರಡು ವರ್ಷ ಕಂಪನಿಯ, ಆಮೇಲೆ ರಾಣಿಯ, ಜಾಗದಲ್ಲಿದ್ದ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ನೆನೆಯುವುದಿಲ್ಲ.

ಆ ಕಾಲದ ಗುರುತುಗಳು ಹೊಳೆಯ ದಂಡೆಗುಂಟ ಚದುರಿವೆ. ಉತ್ತರದ ಕವಲಿಗೆ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಗೆ ಕಮಾನುಗಳಿಲ್ಲ. ಕಲ್ಲುಕಂಬಗಳ ಮೇಲೆ ಕಲ್ಲು ಹಾಸಿ ಮಾಡಿದ ನಾಡಪದ್ಧತಿಯ ಕೆಲಸ. ಗ್ಯಾರಿಸನ್ ಸಮಾಧಿಭೂಮಿಯಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಹಲವು ಕಂಪನಿಗೆ ದುಡಿದ ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ರೆಜಿಮೆಂಟಿನವರವು. ಫಿರಂಗಿ ಗಾಡಿಗಳ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ ಕರ್ನಲ್ ಸ್ಕಾಟನ ಬಂಗಲೆಯೂ ಹೊಳೆಯ ಬದಿಯಲ್ಲೇ. ಹೆಂಡತಿ ಮಕ್ಕಳು ಕಾಲರಾದಿಂದ ಸತ್ತದ್ದನ್ನು ಕಂಡು ಅವನು ಕುದುರೆ ಸಮೇತ ಹೊಳೆಗಿಳಿದ ಎಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತಿದೆ. ಕಥೆಯನ್ನು ಕಥೆಯಾಗಿಯೇ ಕೇಳಬೇಕು. ಬಂಗಲೆ ನಿಂತ ಜಾಗವನ್ನಂತೂ ನೋಡಲೇಬೇಕು.

ಆದರೆ ನನ್ನ ಮಟ್ಟಿಗೆ ಗಂಜಾಂಗೆ ಬಂದ ಪರದೇಶಿಗಳಲ್ಲಿ ದೊಡ್ಡವನು ಅಬ್ಬೆ ದುಬುವಾ. ಫ್ರಾನ್ಸಿನ ಪಾದ್ರಿ, ಕೋಟೆ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ. ಬಿಳಿಯರ ಬಂಗಲೆಗಳಲ್ಲಿ ಉಳಿಯದೆ ಈ ನಾಡಿನವರ ಉಡುಗೆ, ಊಟ, ನಡೆಗಳನ್ನು ತನ್ನದಾಗಿಸಿಕೊಂಡ. ಜನ ಅವನನ್ನು ದೊಡ್ಡಸ್ವಾಮಿ ಎಂದು ಕರೆದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಮೈಸೂರು ಸೀಮೆಯ ಸಾವಿರಾರು ಜನರಿಗೆ ಅದನ್ನು ಹಾಕಿಸಿದ. ನಮ್ಮ ಆಚಾರ ವ್ಯವಹಾರಗಳ ಕುರಿತು ಅವನು ಬರೆದ ಹಸ್ತಪ್ರತಿಯನ್ನು ಕಂಪನಿ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಪುಸ್ತಕದ ಹಲವು ತೀರ್ಮಾನಗಳು ಒಪ್ಪುವಂಥವಲ್ಲ. ಲಸಿಕೆಯ ಕೆಲಸಕ್ಕೆ ಮಾತ್ರ ಎರಡು ಮಾತಿಲ್ಲ. 1823ರಲ್ಲಿ ಅವನು ಫ್ರಾನ್ಸಿಗೆ ಮರಳಿದ. ಗಂಜಾಂನಲ್ಲಿ ಅವನ ಹೆಸರಿನ ಚರ್ಚು ಇದೆ.

ಗುಂಬಜ್, ಚರ್ಚು, ನಿಮಿಷಾಂಬೆಯ ಗುಡಿ ಈ ಮೂರನ್ನೂ ಒಂದೇ ಬೆಳಗಿನಲ್ಲಿ ನಡೆದೇ ನೋಡಬಹುದು. ಗುಂಬಜಿನ ಸುತ್ತ ನಯವಾಗಿ ಹೊಳೆಯುವ ಮೂವತ್ತಾರು ಕರಿಕಲ್ಲಿನ ಕಂಬಗಳಿವೆ. ದಂತದ ಕುಸುರಿಯ ಬಾಗಿಲುಗಳು ಡಾಲ್‌ಹೌಸಿ ಕೊಡಿಸಿದವು. ನಿಮಿಷಾಂಬೆಯ ಗುಡಿಯ ಮೆಟ್ಟಿಲುಗಳು ನೇರ ಹೊಳೆಗಿಳಿಯುತ್ತವೆ. ಆಚೆ ಕರಿಘಟ್ಟ, ಅದರ ಬುಡದಲ್ಲಿ ಕಾವೇರಿಗೆ ಬಂದು ಸೇರುವ ಲೋಕಪಾವನಿ. ಕೆಳಗೆ ಸಂಗಮದಲ್ಲಿ ದ್ವೀಪವನ್ನು ಬಳಸಿ ಬಂದ ಎರಡು ಕವಲುಗಳು ಒಂದಾಗುತ್ತವೆ. ನಡುವೆ ಭತ್ತ, ಕಬ್ಬು. ಒಂದು ಕಾಲಕ್ಕೆ ಗಂಜಾಂ ಅಂಜೂರವೆಂದರೆ ಮೈಸೂರಿನ ಮಾರುಕಟ್ಟೆಯಲ್ಲಿ ಹೆಸರು ಹೇಳಿ ಕೇಳುತ್ತಿದ್ದ ಹಣ್ಣು.

2023ರಿಂದ ಬೆಂಗಳೂರು ಹೆದ್ದಾರಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಕೆಸರೆಯಿಂದ ಹೊರಡುವವರು ಹಳೆಯ ರಸ್ತೆ ಹಿಡಿಯುವುದೇ ಸರಿ. ಹೋದವರು ಕೇರಿಗಳೊಳಗೂ ಒಂದು ಸುತ್ತು ಹಾಕಿ ಹಿರಿಯರನ್ನು ಮಾತನಾಡಿಸಲಿ. ಶಿರಾದಿಂದ ಬಂದ ಆ ಸಾವಿರಾರು ಕುಟುಂಬಗಳಲ್ಲಿ ಯಾರ ಮನೆತನ ಇಲ್ಲೇ ಉಳಿಯಿತು, ಯಾರು ಮೈಸೂರು, ಬೆಂಗಳೂರುಗಳಿಗೆ ಎದ್ದು ಹೋದರು, ಯಾರು ಮರಳಿ ಶಿರಾದ ದಾರಿ ಹಿಡಿದರು ಎಂಬುದನ್ನು ಮನೆ ಮನೆಯಲ್ಲಿ ಕೇಳಿ ಬರೆದಿಡುವ ಕೆಲಸವನ್ನು ಮೈಸೂರಿನ ಯಾರಾದರೂ ಇತಿಹಾಸದ ವಿದ್ಯಾರ್ಥಿ ಕೈಗೆತ್ತಿಕೊಂಡರೆ ಗಂಜಾಂನ ಚರಿತ್ರೆಗೆ ಮೊದಲ ಅಧ್ಯಾಯ ಸಿಗುತ್ತದೆ.